ಆಯುಧಪೂಜೆಯ ಹಲಗೆಯಲ್ಲಿ ನನ್ನ ಪಾಲು

ನಮ್ಮ ಮನೆಯಲ್ಲಿ ಆಯುಧಪೂಜೆಗೆಂದೇ ಒಂದು ಹಲಗೆ ಇದೆ. ಹಿಂದೆ ರಾಗಿ ಕಣಜದ ಬಾಗಿಲಾಗಿದ್ದದ್ದು. ಕಣಜ ಒಡೆದು ಅಲ್ಲಿ ಬಾಡಿಗೆಯವರ ಬೈಕುಗಳಿಗೆ ಜಾಗ ಮಾಡಿದಾಗ ಅಮ್ಮ ಆ ಬಾಗಿಲೊಂದನ್ನು ಮಾತ್ರ ಯಾರಿಗೂ ಕೊಡದೆ ಒಳಗೆ ಎಳೆದುಕೊಂಡಳು. ವರ್ಷವೆಲ್ಲ ಅದು ಮಂಚದ ಕೆಳಗೆ ಮಲಗಿರುತ್ತದೆ. ನವರಾತ್ರಿಯಲ್ಲಿ ಹೊರಬಂದು, ಸ್ನಾನ ಮಾಡಿಸಿಕೊಂಡು, ನಡುಮನೆಯ ಗೋಡೆಗೆ ಒತ್ತಿದಂತೆ ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂರುತ್ತದೆ.

ಹಲಗೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜಾಗ. ಎಡ ತುದಿಯಲ್ಲಿ ಅಪ್ಪನ ಗುದ್ದಲಿ, ಕುಡುಗೋಲು. ಅಪ್ಪ ಹೋಗಿ ಬಹಳ ವರ್ಷವಾಯಿತು. ಅವರು ಗುದ್ದಲಿ ಹಾಕುತ್ತಿದ್ದ ಹೊಲದಲ್ಲಿ ಈಗ ನೀಲಿ ಗಾಜಿನ ಕಟ್ಟಡವಿದೆ, ಅದರ ಗೇಟಿನಲ್ಲಿ ನಮ್ಮನ್ನು ಒಳಗೆ ಬಿಡುವುದಿಲ್ಲ. ಜಾಗ ಮಾತ್ರ ಅವರದೇ. ಪಕ್ಕದಲ್ಲಿ ಅಮ್ಮನ ಈಳಿಗೆ ಮಣೆ ಮತ್ತು ತೆಂಗಿನಕಾಯಿ ಮಚ್ಚು. ಆಮೇಲೆ ನನ್ನ ಹೆಂಡತಿಯ ಕ್ಯಾಲ್ಕುಲೇಟರು, ಬಟ್ಟೆ ಕತ್ತರಿಸುವ ಕತ್ತರಿ. ಅವಳು ಮಹದೇವಪುರದ ಒಂದು ಗಾರ್ಮೆಂಟ್ಸಿನಲ್ಲಿ ಲೆಕ್ಕ ನೋಡುತ್ತಾಳೆ. ಬಲ ತುದಿ ನನ್ನದು. ಅಲ್ಲಿ ಪ್ರತಿ ವರ್ಷವೂ ನನ್ನ ವರ್ನಿಯರ್ ಇರುತ್ತಿತ್ತು. ಕಾರ್ಖಾನೆಯಲ್ಲಿ ನಾನು ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು ಫೇಲು ಮಾಡುವವನು. ಕೂದಲೆಳೆಯ ದಪ್ಪವನ್ನೂ ಅಳೆಯುವ ಆ ಉಕ್ಕಿನ ಕಡ್ಡಿಗೆ ಅಮ್ಮ ಕುಂಕುಮ ಹಚ್ಚಿ, ಅದರ ಬಾಯಿಗೆ ಒಂದು ಸೇವಂತಿಗೆ ಹೂ ಸಿಕ್ಕಿಸುತ್ತಿದ್ದಳು.

ಉಳಿದ ನನ್ನ ಸಾಮಾನುಗಳಿಗೆ ಆ ಹಲಗೆಯಲ್ಲಿ ಎಂದೂ ಜಾಗ ಸಿಕ್ಕಿರಲಿಲ್ಲ. ಸಾಮಾನುಗಳೇನೋ ಬೇಕಾದಷ್ಟಿದ್ದವು. ನನಗೆ ಸಿನಿಮಾ ಹುಚ್ಚು, ಫುಟ್‌ಬಾಲ್ ಹುಚ್ಚು, ಹಳೇ ಕಾರಿನ ಹುಚ್ಚು, ಗಿಟಾರು ಡ್ರಮ್ಮುಗಳ ಅಬ್ಬರದ ಮೆಟಲ್ ಸಂಗೀತದ ಹುಚ್ಚು, ಚಿತ್ರ ಬರೆಯುವ ಹುಚ್ಚು. ಹೀಗೆ ಒಟ್ಟಿಗೆ ಹೇಳಿದರೆ ದೊಡ್ಡದಾಗಿ ಕೇಳಿಸುತ್ತದೆ. ಮನೆಯಲ್ಲಿ ಇವು ಬಾಗಿಲ ಹಿಂದೆ, ಅಟ್ಟದ ಮೇಲೆ, ಅಕ್ಕಿ ಡಬ್ಬದ ಪಕ್ಕದಲ್ಲಿ ಮುದುರಿಕೊಂಡು ಬದುಕಿದ್ದವು. ಅಮ್ಮ ಎಲ್ಲಕ್ಕೂ ಸೇರಿಸಿ ಒಂದೇ ಹೆಸರಿಟ್ಟಿದ್ದಳು: ಆಟದ ಸಾಮಾನು.

ಒಂದೊಂದಕ್ಕೂ ಅವಳ ಪ್ರತ್ಯೇಕ ಅಭಿಪ್ರಾಯವೂ ಇತ್ತು. ಹಿತ್ತಲ ಕೊಟ್ಟಿಗೆಯಲ್ಲಿ ನಿಂತಿರುವ ನನ್ನ ಹಳೇ ಡಬ್ಬಿ ಕಾರನ್ನು ನೋಡಿದಾಗಲೆಲ್ಲ, "ಅಲ್ಲಿ ಅಸ ಇದ್ದಿದ್ರೆ ಆಲಾದ್ರೂ ಕೊಡ್ತಿತ್ತು. ಇದು ಬರೀ ಎಣ್ಣೆ ಕುಡೀತದೆ" ಎನ್ನುವಳು. ನಾನು ಜಲವರ್ಣದಲ್ಲಿ ಮೆಟ್ರೊ ಕಂಬಗಳನ್ನು ಬರೆಯುತ್ತೇನೆ. ಕಬ್ಬಿಣದ ಸರಳು ಮುಳ್ಳಿನಂತೆ ಮೇಲೆದ್ದಿರುವ ಅರ್ಧ ಕಂಬಗಳೆಂದರೆ ನನಗೆ ಇಷ್ಟ. ಸಂಜೆ ಐದೂವರೆಯ ಧೂಳಿನಲ್ಲಿ ಅವಕ್ಕೆ ಬರುವ ಬೂದು ಮಿಶ್ರಿತ ಗುಲಾಬಿ ಬಣ್ಣ ಇನ್ನೂ ನನ್ನ ಕೈಗೆ ಹತ್ತಿಲ್ಲ. ಅಮ್ಮ ಹಾಳೆಯನ್ನು ದೂರ ಹಿಡಿದು, "ಕಂಬ ಅಲ್ಲೇ ಅದಲ್ಲ, ನೀನ್ಯಾಕೆ ಇನ್ನೊಂದು ಮಾಡ್ತೀಯ?" ಅಂದಳು. ಶನಿವಾರ ಸಂಜೆ ತಾರಸಿಯಲ್ಲಿ ನೀರಿನ ಟ್ಯಾಂಕಿನ ಸುಣ್ಣ ಬಳಿದ ಗೋಡೆಯ ಮೇಲೆ ನಾನು ಪರದೇಶದ ಸಿನಿಮಾ ಹಾಕಿದರೆ, ಭಾಷೆ ಗೊತ್ತಿಲ್ಲದಿದ್ದರೂ ಮಡಿಸುವ ಕುರ್ಚಿ ಹಾಕಿಕೊಂಡು ನೋಡುತ್ತಾಳೆ. ಮುಗಿದ ಮೇಲೆ ತೀರ್ಪು: "ಆ ಎಂಗಸು ಅವನನ್ನ ಬಿಟ್ಟಿದ್ದೇ ಸರಿ." ಬಹಳ ಸಲ ಅದು ಸರಿಯೇ ಇರುತ್ತದೆ.

ಮೆಟಲ್ ವಿಷಯಕ್ಕೆ ಮಾತ್ರ ಅವಳು ಮಾತಾಡುತ್ತಿರಲಿಲ್ಲ. ಎದ್ದು ಹೋಗುತ್ತಿದ್ದಳು.

ನಾನು ಬಾರಿಸುವುದು ಬೇಸ್ ಗಿಟಾರು. ದಪ್ಪ ತಂತಿಗಳದ್ದು, ಹಾಡಿನಲ್ಲಿ ಅದು ಕಿವಿಗಿಂತ ಹೆಚ್ಚಾಗಿ ಎದೆಗೆ ತಾಕುತ್ತದೆ. ಮನೆಯ ತೊಲೆ ಇದ್ದ ಹಾಗೆ, ಇದ್ದಾಗ ಯಾರೂ ನೋಡುವುದಿಲ್ಲ. ನಾನು ಎಡಚ. ಊಟಕ್ಕೆ ಮಾತ್ರ ಅಮ್ಮ ಗದರಿಸಿ ಬಲಗೈ ಕಲಿಸಿದಳು, ಮಿಕ್ಕಿದ್ದೆಲ್ಲ ಎಡಗೈಯಲ್ಲೇ. ಎಡಚರ ಬೇಸ್ ಅಂಗಡಿಯಲ್ಲಿ ನೇತುಹಾಕಿರುವುದಿಲ್ಲ, ಹೇಳಿ ತರಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಹಾಗೆ ಕಾದು ತರಿಸಿದ್ದು ನನ್ನದು. ಕಪ್ಪು ಬಣ್ಣ, ಅಂಚಿನಲ್ಲಿ ನನ್ನ ಮೊಣಕೈ ಉಜ್ಜಿ ಉಜ್ಜಿ ಮರ ಕಾಣಿಸುತ್ತದೆ.

ನಮ್ಮ ಬ್ಯಾಂಡಿನಲ್ಲಿ ನಾಲ್ವರು. ಡ್ರಮ್ಮಿನವನು ನಮ್ಮೂರು ಹೂಡಿಯಲ್ಲೇ ಬೇಕರಿ ನಡೆಸುತ್ತಾನೆ, ನನ್ನ ಜೊತೆ ಶಾಲೆಯಲ್ಲಿ ಓದಿದವನು. ಹಾಡುವವನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಪಾಠ ಮಾಡಿ ಮಾಡಿ ಒಡೆದ ಗಂಟಲು ಇಲ್ಲಿ ಉಪಯೋಗಕ್ಕೆ ಬಂತು. ಗಿಟಾರಿನವನಿಗೆ ಮಾರತ್ತಹಳ್ಳಿಯಲ್ಲಿ ಕಂಪ್ಯೂಟರಿನ ಕೆಲಸ, ಅಭ್ಯಾಸಕ್ಕೆ ಯಾವಾಗಲೂ ತಡ. ಕಾಲೇಜಿನ ದಿನಗಳಲ್ಲಿ ಒಮ್ಮೆ ವೇದಿಕೆ ಹತ್ತಿದ್ದೆವು. ಆಮೇಲೆ ಮದುವೆ, ಪಾಳಿ, ಬೆನ್ನುನೋವು. ನಲವತ್ತು ದಾಟಿದ ಮೇಲೆ ಬೇಕರಿಯ ಹಿಂದಿನ ಮೈದಾ ಗೋಡೌನಿನಲ್ಲಿ ಮತ್ತೆ ಕೂಡಿಕೊಂಡೆವು. ಡ್ರಮ್ಮು ಜೋರಾದರೆ ಚೀಲಗಳ ಮೇಲಿಂದ ಹಿಟ್ಟು ಏಳುತ್ತದೆ. ಮನೆಗೆ ಬಂದರೆ ಹೆಂಡತಿ, "ಏನ್ರೀ, ಬಾರಿಸಿದ್ರೋ ಬನ್ ಮಾಡಿದ್ರೋ?" ಅನ್ನುತ್ತಿದ್ದಳು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಕಾರ್ಖಾನೆ ಊರಾಚೆಗೆ ಹೋಯಿತು. ಯಂತ್ರಗಳನ್ನು ದೊಡ್ಡ ಲಾರಿಗಳಲ್ಲಿ ಕಟ್ಟಿಕೊಂಡು ಹೋದರು. ಹೊಸ ಜಾಗದಲ್ಲಿ ಅಳತೆಯನ್ನು ಕ್ಯಾಮೆರಾ ನೋಡುತ್ತದಂತೆ. ನಮ್ಮನ್ನು ಸತ್ಕಾರ ಮಾಡಿ ಮನೆಗೆ ಕಳಿಸಿದರು. ವರ್ನಿಯರ್ ಕಂಪನಿಯದು, ಸ್ಟೋರಿಗೆ ಒಪ್ಪಿಸಿ ಬಂದೆ. ಮೇಲಿನ ಮಹಡಿಗಳಿಂದ ಬಾಡಿಗೆ ಬರುತ್ತದೆ, ಹೆಂಡತಿಯ ಸಂಬಳವಿದೆ, ಊಟಕ್ಕೆ ತೊಂದರೆಯಿರಲಿಲ್ಲ. ತೊಂದರೆ ಬೇರೆ ಇತ್ತು. ಬೆಳಗ್ಗೆ ಹಾಲು ತಂದು, ಕಾಫಿ ಸೋಸಿ, ಸಾರಿಗೆ ಬೇಳೆ ಇಟ್ಟು, ಹೆಂಡತಿಗೆ ಡಬ್ಬಿ ಕಟ್ಟಿ ಕಳಿಸಿದರೆ ಒಂಬತ್ತು ಗಂಟೆ. ಆಮೇಲೆ ಏನು?

ಎಲ್ಲ ಹುಚ್ಚುಗಳಿಗೂ ಈಗ ಬೇಕಾದಷ್ಟು ಸಮಯ ಇತ್ತು, ಯಾವುದರಲ್ಲೂ ನಿಲ್ಲಲು ಆಗುತ್ತಿರಲಿಲ್ಲ. ಬಣ್ಣ ಕಲಸುವೆ. ಕಲಸುತ್ತಲೇ ಹಾಡಿನ ಒಂದು ತುಂಡು ತಲೆಗೆ ಬರುತ್ತದೆ, ಬೇಸ್ ಎತ್ತುವೆ. ಎರಡು ಸಲ ಬಾರಿಸುವಷ್ಟರಲ್ಲಿ ಕಾರಿನ ಕಾರ್ಬೊರೇಟರ್ ನೆನಪಾಗುತ್ತದೆ. ಬಾನೆಟ್ ಎತ್ತಿ ಕೈ ಎಣ್ಣೆ ಮಾಡಿಕೊಂಡ ಮೇಲೆ ಹಾಳೆಯ ಮೇಲಿನ ಬಣ್ಣ ಒಣಗಿ ಹೋಗಿರುವುದು ನೆನಪಾಗುತ್ತದೆ. ಭಾನುವಾರ ಕೆರೆ ಹಿಂದಿನ ಮೈದಾನದಲ್ಲಿ ನಮ್ಮ ವಯಸ್ಸಿನವರ ಆಟ. ನಾನು ಹಿಂಬದಿಯ ಎಡ ಮೂಲೆ ಕಾಯುವವನು. ಜಾಗ ಬಿಟ್ಟು ಮುಂದಕ್ಕೆ ಓಡಿ ಓಡಿ ಹೋಗಿ ಬೈಸಿಕೊಂಡೆ. "ಸಾರ್, ನಿಮ್ ಮನೆ ಅಲ್ಲಿದೆ, ಇಲ್ಯಾಕ್ ಬಂದ್ರಿ?" ಎಂದು ಗೋಲ್ ಕೀಪರನೇ ಕೂಗಿದ. ರಸ್ತೆಯಲ್ಲಿ ಯಾರಾದರೂ ಸಿಕ್ಕಿ, "ಈಗ ಏನ್ ಮಾಡ್ಕೊಂಡಿದ್ದೀರಾ?" ಅಂದರೆ, "ಹೀಗೇ" ಎನ್ನುತ್ತಿದ್ದೆ. ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುತ್ತಲೇ, "ಒಂದ್ಕಡೆ ಕೂತ್ಕೊಳ್ರೀ ಪುಣ್ಯಾತ್ಮ, ನೀವು ತಿರುಗೋದು ನೋಡಿದ್ರೆ ನಂಗೆ ತಲೆ ಸುತ್ತುತ್ತೆ" ಅನ್ನುವಳು.

ಆಗ ಬಂತು ಆ ಕಾರ್ಯಕ್ರಮ. ವೈಟ್‌ಫೀಲ್ಡಿನಲ್ಲಿ ಹಳೆಯ ಗೋಡೌನೊಂದನ್ನು ಸಭಾಂಗಣ ಮಾಡಿದ್ದರು. ಆಯುಧಪೂಜೆಯ ರಜೆಯ ಸಂಜೆ ಹಲವು ಬ್ಯಾಂಡುಗಳಿಗೆ ಅರ್ಧರ್ಧ ಗಂಟೆ. ಮೇಷ್ಟ್ರ ಹಳೆಯ ಶಿಷ್ಯನೊಬ್ಬ ನಡೆಸುವವರಲ್ಲಿದ್ದ, ನಮಗೂ ಒಂದು ಅರ್ಧ ಗಂಟೆ ಕೊಡಿಸಿದ. ಐದು ಹಾಡು. ಇಷ್ಟು ವರ್ಷದ ಮೇಲೆ ಜನರ ಎದುರು! ನಾನು ಆ ತಿಂಗಳು ಉಸಿರಾಡಿದ್ದೇ ಅದಕ್ಕಾಗಿ ಅನ್ನಬಹುದು. ನಿಂತ ನಿಲುವಿನಲ್ಲಿ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮಾಡಿ ಮುಗಿಸುವ ಸಂಜೆ ಅದೊಂದೇ ಕಣ್ಣೆದುರಿಗಿತ್ತು. ಹೆಂಡತಿಗೆ ಹೇಳಿದ್ದೆ. ಅಮ್ಮನಿಗೆ ಹೇಳಿರಲಿಲ್ಲ; ಎದ್ದು ಹೋಗುವವರಿಗೆ ಏನೆಂದು ಹೇಳುವುದು?

ಪೂಜೆಯ ಹಿಂದಿನ ದಿನ ಕೊನೆಯ ಅಭ್ಯಾಸ ಮುಗಿಸಿ, ಬೇಸ್ ಅನ್ನು ಮನೆಯಲ್ಲಿಟ್ಟು, ಮರುದಿನದ ಗಾಡಿಪೂಜೆಗೆ ಬೂದುಗುಂಬಳ, ಬಾಳೆಕಂದು, ಹೂ ತರಲು ಕೆ.ಆರ್. ಪುರದ ಮಾರ್ಕೆಟ್ಟಿಗೆ ಹೋದೆ. ಹಬ್ಬದ ಗದ್ದಲ. ಬಾಳೆಕಂದು ಹಿಡಿದ ಬೈಕುಗಳು ಕಾಡು ಎದ್ದು ನಡೆದಂತೆ ಬರುತ್ತಿದ್ದವು. ಮರಳುವಾಗ ಹೂಡಿ ಸರ್ಕಲ್ಲಿನಲ್ಲಿ ಕುಂಬಳಕಾಯಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಬೆರಳುಗಳು ಕುಂಬಳಕಾಯಿಯ ಮೇಲೇ ಮೂರನೆಯ ಹಾಡನ್ನು ಬಾರಿಸುತ್ತಿದ್ದವು. ಕೈತುಂಬ ಬೂದಿ.

ನಮ್ಮಲ್ಲಿ ಹಲಗೆಯ ಪೂಜೆ ಹಿಂದಿನ ಸಂಜೆಯೇ; ಮನೆಗೆ ಬಂದರೆ ಹಲಗೆ ಸಿದ್ಧವಾಗಿತ್ತು. ದೀಪ ಉರಿಯುತ್ತಿತ್ತು, ಅಮ್ಮ ಮಂಗಳಾರತಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಳು.

ಬಲ ತುದಿಯಲ್ಲಿ ನನ್ನ ಕುಂಚಗಳು, ದಾರದಲ್ಲಿ ಕಟ್ಟು ಹಾಕಿ. ಪಕ್ಕದಲ್ಲಿ ಕಾರಿನ ಸ್ಪ್ಯಾನರುಗಳು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಫುಟ್‌ಬಾಲು ಉರುಳದಂತೆ ಅನ್ನದ ತಟ್ಟೆಯಲ್ಲಿ ಕೂತಿತ್ತು. ಸಿನಿಮಾಗಳಿರುವ ಹಾರ್ಡ್ ಡಿಸ್ಕಿಗೆ ಮೂರು ಬೆರಳಿನ ವಿಭೂತಿ. ಮತ್ತು ಗೋಡೆಗೊರಗಿ, ಹಲಗೆಯ ಮೇಲೆ ನೆಟ್ಟಗೆ, ನನ್ನ ಬೇಸ್. ತಂತಿಗಳ ಉದ್ದಕ್ಕೂ ಅರಿಶಿನ ಕುಂಕುಮ, ಕುತ್ತಿಗೆಗೆ ಸೇವಂತಿಗೆ ಹಾರ. ಮದುಮಗಳ ಹಾಗೆ ನಿಂತಿತ್ತು.

ಕುಂಬಳಕಾಯಿಯನ್ನು ಕೆಳಗಿಡದೆ ಹಾಗೇ ನಿಂತೆ. ಅಮ್ಮನೇ ಹೇಳಿದಳು. "ಏನ್ ನೋಡ್ತೀಯ? ಅಳತೆ ಕಡ್ಡಿ ಕೊಟ್ಬಂದ್ಯಲ್ಲ. ನಿನ್ ಜಾಗ ಕಾಲಿ ಬಿಡ್ಲಾ? ಗಂಡಸು ಬದುಕಿರೋವಾಗ ಹಲಗೆ ಕಾಲಿ ಬಿಡಬಾರ್ದು. ಏನೇನ್ ಸಿಕ್ತೋ ಎಲ್ಲ ಇಟ್ಟಿದೀನಿ. ಇವೇ ತಾನೆ ಈಗ ನಿನ್ ಕಸುಬು?"

ಹೊರಗಿನವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಹೀಗೆ ಹೂ ಏರಿಸಿದ ಸಾಮಾನನ್ನು ವಿಜಯದಶಮಿಯ ಬೆಳಗಿನ ಆರತಿಯವರೆಗೆ ಮುಟ್ಟುವಂತಿಲ್ಲ. ಅವುಗಳಿಗೆ ಅದು ವಿಶ್ರಾಂತಿ. ಗಾಡಿಗಳಿಗೆ ಮಾತ್ರ ವಿನಾಯಿತಿ, ಚಕ್ರ ನಿಂಬೆಹಣ್ಣು ತುಳಿದರೆ ಮುಗಿಯಿತು. ಒಮ್ಮೆ ಪೂಜೆಯ ದಿನ ಬೀಗರು ಬಂದರು, ಎಳನೀರು ಕೆತ್ತಬೇಕು, ಮಚ್ಚು ಹಲಗೆಯ ಮೇಲೆ. ಅಪ್ಪ ನೆರೆಮನೆಗೆ ಹೋದರೆ ಅವರ ಮಚ್ಚೂ ಹಲಗೆಯ ಮೇಲೆ. ಕಡೆಗೆ ಬಟ್ಟೆ ಒಗೆಯುವ ಕಲ್ಲಿಗೆ ಎಳನೀರನ್ನು ಚಚ್ಚಿ ಚಚ್ಚಿ, ಅರ್ಧ ನೀರು ತಮ್ಮ ಪಂಚೆಗೇ ಕುಡಿಸಿ ತಂದುಕೊಟ್ಟರು. ಹಲಗೆಯ ಮಚ್ಚನ್ನು ಮುಟ್ಟಲಿಲ್ಲ.

ಆ ರಾತ್ರಿ ಹೆಂಡತಿ ಒಂದೇ ಮಾತು ಕೇಳಿದಳು. "ಅತ್ತೆಗೆ ನಾಳೆ ವಿಷಯ ಗೊತ್ತಿತ್ತಾ?" ಇಲ್ಲ ಅಂದೆ. "ಸರಿ. ಬೆಳಗ್ಗೆ ಹೇಳಿ. ಸಿಟ್ಟು ಮಾಡ್ಕೋಬೇಡಿ. ಮಧ್ಯಾಹ್ನದಿಂದ ಕೂತು ಕುಂಚ ಎಲ್ಲ ತೊಳೆದಿದ್ದಾರೆ."

ಬೆಳಗ್ಗೆ ನಾನು ಹೇಳಲಿಲ್ಲ. ಕೊಟ್ಟಿಗೆ ತೊಳೆದೆ, ಕಾರು ತೊಳೆದೆ, ಕಂದು ಕಟ್ಟಿದೆ. ಕಾರು ಸ್ಟಾರ್ಟ್ ಆಗಲಿಲ್ಲ. ಒಂದು ನಟ್ಟು ಬಿಗಿದರೆ ಸಾಕಿತ್ತು. ಅದರ ಸ್ಪ್ಯಾನರು ವಿಶ್ರಾಂತಿಯಲ್ಲಿತ್ತು. ನಾನೂ ಹೆಂಡತಿಯೂ ಕಾರನ್ನು ತಳ್ಳಿ ನಿಂಬೆಹಣ್ಣು ತುಳಿಸಿದೆವು. ಕುಂಬಳಕಾಯಿ ಒಡೆದೆ. ಮೇಲಿನ ಮಹಡಿಯ ಬಾಡಿಗೆಯವರಿಗೆಲ್ಲ ಕಳ್ಳೆಪುರಿ ಹಂಚಿದೆ. ನಡುಮನೆಗೆ ಹೋಗುವುದು, ಬೇಸ್ ನೋಡುವುದು, ಅಡಿಗೆಮನೆಗೆ ಹೋಗುವುದು, ನೀರು ಕುಡಿಯುವುದು. ಮತ್ತೆ ನಡುಮನೆ. ಎಷ್ಟು ನೀರು ಕುಡಿದೆನೆಂದರೆ ಹೆಂಡತಿ ಬಿಂದಿಗೆಯನ್ನು ಎತ್ತಿಟ್ಟಳು. ಮನೆಯಲ್ಲಿ ಕೈಗೆ ಹಿಡಿಯಲು ನನ್ನದು ಅಂತ ಒಂದು ವಸ್ತುವೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಜೇಬಿಗೆ ಹಾಕಿದರೆ ಅಲ್ಲೂ ಬೆರಳು ಕುಣಿಯುತ್ತಿದ್ದವು.

ಮಧ್ಯಾಹ್ನ ಡ್ರಮ್ಮಿನವನು ಬೇಕರಿ ವ್ಯಾನಿನಲ್ಲಿ ಬಂದ. ವ್ಯಾನಿಗೆ ಹಾರ, ಹಣೆಗೆ ದೊಡ್ಡ ಕುಂಕುಮ, ಮೈಮೇಲೆ ಕಪ್ಪು ಬನಿಯನ್ನು. "ಮಗಾ, ಎಲ್ಲಿ ಸಾಮಾನು? ಹತ್ತು ಬೇಗ, ಹೋಪ್‌ಫಾರ್ಮ್ ಹತ್ರ ಜಾಮ್ ಆಗಿದೆಯಂತೆ." ನಾನು ನಡುಮನೆಯತ್ತ ಕೈ ತೋರಿಸಿದೆ. ಅವನು ಬಾಗಿಲಲ್ಲಿ ನಿಂತು ನೋಡಿ ಮೊದಲು ಜೋರಾಗಿ ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಅಮ್ಮಾ, ಇವತ್ತು ಸಂಜೆ ನಮ್ದು ಕಾರ್ಯಕ್ರಮ ಐತೆ, ಅದಿಲ್ದೆ ಆಗಲ್ಲ ಕಣಮ್ಮ" ಎಂದ. ಅಮ್ಮ ನನ್ನ ಕಡೆ ತಿರುಗಿದಳು. "ನಂಗ್ಯಾಕ್ ಏಳ್ಲಿಲ್ಲ?"

ಅವಳು ಕುರ್ಚಿ ಎಳೆದುಕೊಂಡು ಹಲಗೆಯ ಪಕ್ಕ ಕೂತಳು. ಸಿಟ್ಟಿರಲಿಲ್ಲ. ಹಾಲು ಉಕ್ಕೀತೇ ಎಂದು ಕಾಯುವಾಗಿನ ಮುಖ. "ನೋಡಪ್ಪಾ. ಇಷ್ಟು ವರ್ಸ ನಾನು ಆಟದ ಸಾಮಾನು ಅಂದೆ, ನೀನು ಮುಖ ದಪ್ಪ ಮಾಡ್ಕೊಂಡೆ. ಈಗ ಇಟ್ಟಿದೀನಿ. ಆಟದ ಸಾಮಾನಿಗೆ ನೇಮ ಇಲ್ಲ. ಮಕ್ಕಳ ಚೆಂಡು ಹಲಗೆ ಮೇಲಿಂದ ಉರುಳಿದ್ರೆ ಯಾರಾರ ಕೇಳ್ತಾರಾ? ಇದು ಆಟದ್ದು ಅಂತ ನಿನ್ ಬಾಯಲ್ಲಿ ಏಳು, ನಾನೇ ಹೂ ತೆಗೆದು ಕೈಗೆ ಕೊಡ್ತೀನಿ. ಕಸುಬಿಂದು ಅನ್ನೋದಾದ್ರೆ ನಾಳೆ ಬೆಳಿಗ್ಗೆ."

"ಆಟದ್ದೇ ಕಣಮ್ಮೋ! ನಾವ್ಯಾವಾಗ ಕೆಲಸ ಮಾಡಿದ್ದೀವಿ?" ಎಂದ ಡ್ರಮ್ಮಿನವನು.

"ನಿನ್ ಕೇಳ್ಲಿಲ್ಲ ಕಣಪ್ಪ. ನೀನು ಬನ್ ಸುಡೋನು. ಅವನು ಏಳ್ಲಿ."

ಡ್ರಮ್ಮಿನವನು ನನ್ನ ಬೆನ್ನಿಗೆ ತಿವಿದ. "ಹೇಳೋ. ಹೇಳ್ಬಿಡು, ಟೈಮಾಯ್ತು." ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಹೇಳುವುದು ಸುಲಭ. ರಸ್ತೆಯಲ್ಲಿ ಕೇಳಿದವರಿಗೆ ನಾನೇ ಎಷ್ಟೋ ಸಲ, "ಏನಿಲ್ಲ, ಸುಮ್ನೆ ಟೈಂಪಾಸು" ಎಂದಿದ್ದೇನೆ. ಬಾಯಿ ತೆರೆದೆ ಕೂಡ. ಎದುರಿಗೆ ಕುಂಚಗಳು ಕಾಣಿಸಿದವು. ನಾನು ಅವನ್ನು ಎಂದೂ ಅಷ್ಟು ಚೆನ್ನಾಗಿ ತೊಳೆದವನಲ್ಲ. ಬುಡದಲ್ಲಿ ಗಟ್ಟಿಯಾಗಿದ್ದ ಹಳೆಯ ಬೂದು ಬಣ್ಣವನ್ನೂ ಅಮ್ಮ ಉಗುರಿನಿಂದ ಕೆರೆದು ತೆಗೆದಿದ್ದಳು. ಆ ಸಾಲಿನಲ್ಲಿ, ಅಪ್ಪನ ಗುದ್ದಲಿ ಇರುವ ಹಲಗೆಯಲ್ಲಿ, ನನ್ನ ಪಾಲು ಅದು.

"ಇಲ್ಲಮ್ಮ. ಇರಲಿ ಬಿಡು" ಎಂದೆ.

"ಏನ್ ಇರಲಿ?" ಡ್ರಮ್ಮಿನವನು ಕಿರುಚಿದ. ಅಮ್ಮ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು.

ವ್ಯಾನಿನಲ್ಲಿ ಉದ್ದಕ್ಕೂ ಬೈಗುಳ. "ಒಂದ್ ಮಾತು ಗುರು! ಒಂದೇ ಒಂದ್ ಮಾತು! ದೊಡ್ಡ ಹರಿಶ್ಚಂದ್ರ. ಇಪ್ಪತ್ತು ವರ್ಷದಿಂದ ಇದಕ್ಕೇ ಸಾಯ್ತಿದ್ದೀವಿ. ನಿಂಗೆ ನಾವು ಬೇಕಾ, ಹಲಗೆ ಬೇಕಾ?" ಸ್ಟೀರಿಂಗ್ ಮೇಲೆ ಗುದ್ದಿದ, ಹಾರ್ನು ತಾನಾಗಿ ಕೂಗಿತು, ಮುಂದಿನ ಟ್ಯಾಕ್ಸಿಯವನು ತಿರುಗಿ ಬೈದ. ಹಿಂದಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿತ್ತು, ಡ್ರಮ್ಮಿನ ತಟ್ಟೆಗಳು ರಸ್ತೆಯ ಪ್ರತಿ ಉಬ್ಬಿಗೂ ಝಣ್ ಎನ್ನುತ್ತಿದ್ದವು. ಇಳಿದು ನಡೆದುಬಿಡೋಣ ಅನ್ನಿಸುತ್ತಿತ್ತು. ವ್ಯಾನಿಗಿಂತ ಕಾಲೇ ಬೇಗ ಹೋಗುತ್ತಿತ್ತು.

ಸಭಾಂಗಣದಲ್ಲಿ ಇನ್ನೊಂದು ಬ್ಯಾಂಡಿನ ಹುಡುಗಿಯೊಬ್ಬಳು ತನ್ನ ಬೇಸ್ ಕೊಟ್ಟಳು. ಒಳ್ಳೆಯ ಮನಸ್ಸಿನವಳು. ಅದು ಬಲಗೈಯವರದ್ದು. ಎಡಚ ಅದನ್ನು ತಲೆಕೆಳಗು ಹಿಡಿಯಬೇಕು. ಹಾಗೆ ಹಿಡಿದರೆ ತಂತಿಗಳೆಲ್ಲ ಹಿಂದುಮುಂದು. ಮೇಲಿರಬೇಕಾದ ದಪ್ಪ ತಂತಿ ಕೆಳಗೆ, ಕೆಳಗಿರಬೇಕಾದ ತೆಳ್ಳಗಿನದು ಮೇಲೆ. ಸದ್ದು ಹೆಚ್ಚು ಕಮ್ಮಿ ಮಾಡುವ ತಿರುಪುಗಳು ಮೊಣಕೈಯ ಕೆಳಕ್ಕೆ ಬರುತ್ತವೆ. ನಮ್ಮ ಸರದಿ ಬರುವವರೆಗೆ ಮೂಲೆಯ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಗೆ ಹೊಸ ವಿಳಾಸ ಕಲಿಸುತ್ತಿದ್ದೆ. ಮೇಷ್ಟ್ರು ಬಂದು, ಕಷ್ಟದ ಎರಡು ಹಾಡು ಬಿಟ್ಟುಬಿಡೋಣ, ಮೂರು ಸಾಕು ಎಂದ. ಆ ಎರಡರಲ್ಲಿ ಒಂದನ್ನು ಕಟ್ಟಿದವನು ನಾನು. ಸರಿ ಎಂದೆ.

ವೇದಿಕೆ ಹತ್ತಿದೆವು. ದೀಪಗಳ ಬಿಸಿ, ಮುಂದೆ ಕತ್ತಲಲ್ಲಿ ತಲೆಗಳು. "ಅಂಕಲ್, ಗಿಟಾರ್ ಉಲ್ಟಾ ಹಿಡ್ಕೊಂಡಿದ್ದೀರಾ!" ಎಂದು ಯಾರೋ ಕೂಗಿದರು. ಮೇಷ್ಟ್ರು ಮೈಕಿನಲ್ಲಿ, "ಅವರು ಹುಟ್ಟಿದಾಗಿಂದ ಎಲ್ಲಾನೂ ಹಾಗೇ ಹಿಡಿಯೋದು, ಏನ್ ಮಾಡೋಕಾಗಲ್ಲ" ಎಂದ. ನಕ್ಕರು. ಮೊದಲ ಹಾಡನ್ನು ಒಂದೇ ತಂತಿಯಲ್ಲಿ ಹೇಗೋ ದಾಟಿದೆ. ಎರಡನೆಯದರಲ್ಲಿ ಕೈ ಹದಕ್ಕೆ ಬಂತು. ಬೆರಳು ಹೋದಲ್ಲೆಲ್ಲ ಸ್ವರ ಸಿಗುತ್ತಿದೆ, ತಪ್ಪೇ ಆಗುತ್ತಿಲ್ಲ, ನಾನು ಕಣ್ಣು ಮುಚ್ಚಿದೆ. ಹಾಡು ಮುಗಿಯುವ ಹೊತ್ತಿಗೆ ಏನೋ ಕೊರತೆ ಎನಿಸಿ ಕಣ್ಣು ಬಿಟ್ಟರೆ ಡ್ರಮ್ಮಿನವನು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಮೊಣಕೈ ಒತ್ತಿ ತಿರುಪು ಪೂರ್ತಿ ಇಳಿದುಹೋಗಿತ್ತು. ಹಾಡಿನುದ್ದಕ್ಕೂ ನಾನು ಬಾರಿಸಿದ್ದು ಯಾರಿಗೂ ಕೇಳಿಸಿರಲಿಲ್ಲ, ನನಗೂ. ಮೂರನೆಯದರಲ್ಲಿ ಗಾಬರಿಯಿಂದ ತಿರುಪನ್ನು ಹೆಚ್ಚೇ ಏರಿಸಿದೆ. ಮಿಕ್ಕವರು ಯಾರೂ ಕೇಳಿಸಲಿಲ್ಲ. ಚಪ್ಪಾಳೆ ಬಂತು. ಜನ ಒಳ್ಳೆಯವರು.

ಮರಳುವಾಗ ಡ್ರಮ್ಮಿನವನು ರಸ್ತೆಯನ್ನೇ ನೋಡುತ್ತ ವ್ಯಾನು ಓಡಿಸಿದ. ಹೂಡಿ ಸರ್ಕಲ್ಲಿಗೆ ಬಂದು ವ್ಯಾನು ನಿಲ್ಲಿಸಿ, "ನಿಮ್ಮಮ್ಮನ್ನೇ ಕರ್ಕೊಂಡ್ಹೋಗಿದ್ರೆ ಇದಕ್ಕಿಂತ ಚೆನ್ನಾಗ್ ಬಾರಿಸ್ತಿದ್ರು. ಇಲ್ಲೇ ಇಳಿ, ನಂಗೆ ಹಿಟ್ಟು ಕಲಸೋದಿದೆ" ಎಂದ. ಇಳಿದು ನಡೆದೆ. ಮನೆಯಲ್ಲಿ ಅಮ್ಮ ಎದ್ದೇ ಇದ್ದಳು. "ಎಂಗಾಯ್ತು?" "ಕೆಟ್ಟೋಯ್ತಮ್ಮ." "ಊಟ ಮಾಡು" ಎಂದಳು. ಹೆಂಡತಿ ಬಡಿಸುತ್ತ ನನ್ನ ಮುಖ ನೋಡಿ, ಇನ್ನೊಂದು ಒಬ್ಬಟ್ಟು ಕೇಳದೆ ಹಾಕಿದಳು.

ವಿಜಯದಶಮಿಯ ಬೆಳಗ್ಗೆ ಆರತಿಯಾಯಿತು. ಆ ಹೊತ್ತಿಗೆ ಎತ್ತಿದ ಒಂದೊಂದು ಆಯುಧದಿಂದಲೂ ತುಸುವಾದರೂ ಕೆಲಸ ಮಾಡಬೇಕು, ಇಲ್ಲದಿದ್ದರೆ ವರ್ಷವೆಲ್ಲ ಅದು ಮೂಲೆ ಸೇರುತ್ತದೆ ಎಂಬುದು ಅಮ್ಮನ ಲೆಕ್ಕ. ಅಪ್ಪನ ಗುದ್ದಲಿಯಿಂದ ಅವಳೇ ಕರಿಬೇವಿನ ಬುಡ ಕೆದಕಿದಳು. ಮಚ್ಚಿನಿಂದ ಕಾಯಿ ಒಡೆದಳು. ಹೆಂಡತಿ ಕ್ಯಾಲ್ಕುಲೇಟರಿನಲ್ಲಿ ಏನನ್ನೋ ಕೂಡಿಸಿದಳು. ಆಮೇಲೆ ನನ್ನ ಸರದಿ, ಅಮ್ಮ ಸೆರಗು ಸಿಕ್ಕಿಸಿಕೊಂಡು ನನ್ನ ಹಿಂದೆಯೇ ಬಂದಳು. ಕುಂಚ ಅದ್ದಿ ಒಂದು ಕಂಬದ ಅಂಚು ಎಳೆದೆ. ಸ್ಪ್ಯಾನರಿನಿಂದ ಆ ನಟ್ಟು ಬಿಗಿದೆ. ಕಾರು ಕೆಮ್ಮಿ ಎದ್ದಿತು. ಚೆಂಡನ್ನು ಕೊಟ್ಟಿಗೆ ಗೋಡೆಗೆ ಒದ್ದೆ, ಕುಂಕುಮದ ಗುಂಡು ಗುರುತು ಬಿತ್ತು. ಡಿಸ್ಕನ್ನು ಟಿವಿಗೆ ಸಿಕ್ಕಿಸಿದರೆ ಯಾರೋ ಮಂಜಿನಲ್ಲಿ ರೈಲಿಗೆ ಕಾಯುತ್ತಿದ್ದರು. "ಸಾಕು, ಇನ್ನೊಂದು" ಎಂದಳು.

ಬೇಸ್ ಎತ್ತಿಕೊಂಡೆ. ತಂತಿಗಳ ಮೇಲಿನ ಕುಂಕುಮ ಒರೆಸಲಿಲ್ಲ. ಬಿಟ್ಟುಬಿಟ್ಟ ಆ ಹಾಡು, ನಾನು ಕಟ್ಟಿದ್ದು, ಅದನ್ನು ಹಿಡಿದೆ. ಅಮ್ಮ ಎದ್ದು ಹೋಗಲಿಲ್ಲ. ಸದ್ದು ಹೊಮ್ಮುವ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತಳು. ಮೇಲಿನ ಮಹಡಿಯಿಂದ ಯಾರೋ ನೆಲ ಕುಟ್ಟಿದರು. ನಿಲ್ಲಿಸಿದೆ.

"ನೆನ್ನೆ ಇದನ್ನ ಬಾರಿಸ್ಬೇಕಾಗಿತ್ತಾ?"

"ಹೂಂ."

"ಮಂಡಿಗೆ ಬರ್ತದೆ ಇದು" ಎಂದಳು. ಮಂಡಿ ಸವರಿಕೊಂಡಳು. "ಆಟದ್ದು ಅಂದ್ಬಿಟ್ಟಿದ್ರೆ ಆಗ್ತಿತ್ತಲ್ಲ. ನಾನೇನು ತಡೀತಿದ್ನಾ?"

"ಅಂದ್ಬಿಟ್ಟಿದ್ರೆ?"

"ಕೊಡ್ತಿದ್ದೆ." ಹಲಗೆಯ ಮೇಲೆ ಉದುರಿದ್ದ ಹೂ ಬಳಿಯತೊಡಗಿದಳು. "ಬರೋ ವರ್ಸ ಇಡ್ತಿರ್ಲಿಲ್ಲ."

ಡ್ರಮ್ಮಿನವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಬೆಳಗಿನ ಹೊತ್ತು, ಬನ್ನು ಒಲೆಯಲ್ಲಿರುತ್ತದೆ. ಅಥವಾ ಬೇಕೆಂದೇ ಎತ್ತಲಿಲ್ಲ. ಫೋನನ್ನು ಆಂಪ್ಲಿಫೈಯರಿನ ಮೇಲಿಟ್ಟು, ಸದ್ದು ತುಸು ತಗ್ಗಿಸಿ, ಆ ಹಾಡನ್ನು ಮತ್ತೆ ಮೊದಲಿನಿಂದ ಹಿಡಿದೆ. ಫೋನು ತಂತಿಯ ಅದುರುವಿಕೆಗೆ ಅಂಚಿನ ಕಡೆಗೆ ಸರಿಯುತ್ತಿತ್ತು, ಅಮ್ಮ ಪಕ್ಕದಲ್ಲಿ ಕೂತು ಅದನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.